ಓಡುವ ಹೊತ್ತಿನ ಮೆಟ್ಟು

ಬಂಡೆಗಳದೇ ಒಂದು ಸೀಮೆ. ಅಲ್ಲೊಂದು ರಾಜ್ಯ. ಆ ರಾಜ್ಯಕ್ಕೆ ಜಟಂಗರಾಯ ಅಂತ ಒಬ್ಬ ರಾಜ. ಕೆಟ್ಟವನೇನಲ್ಲ, ಆದರೆ ಯಾರು ಕೊನೆಯಲ್ಲಿ ಮಾತಾಡಿದರೋ ಅವರನ್ನೇ ನಂಬುವವನು. ಅಂಥವರನ್ನು ನೀವೂ ಕಂಡಿರುತ್ತೀರಿ ಮಕ್ಕಳೇ, ತಲೆಯ ಮೇಲೆ ಕಿರೀಟ ಇರುವುದಿಲ್ಲ, ಅಷ್ಟೆ.

ಬೆಟ್ಟದ ಮೇಲೆ ದೊಡ್ಡ ಕೆರೆ. ಬೆಟ್ಟದ ಬುಡದಲ್ಲಿ ಊರು. ಮಳೆಗಾಲದಲ್ಲಿ ಕೆರೆ ಕೋಡಿ ಮೀರಿ ನುಗ್ಗುವುದಿತ್ತು. ಆಗ ನೀರಿಗಿಂತ ಮೊದಲು ಸುದ್ದಿ ಊರು ಮುಟ್ಟಬೇಕು. ಅದಕ್ಕೇ ಕೆರೆಯ ಹತ್ತಿರ ಒಬ್ಬ ಓಟಗಾರನನ್ನು ಇಟ್ಟಿದ್ದರು. ಅವನು ಬಂಡೆ ಇಳಿದು, ಹಳ್ಳ ದಾಟಿ, ಜಾಲಿ ಕಾಡು ಹಾಯ್ದು ಬಂದು, "ಏಳ್ರಪ್ಪೋ, ದಿಬ್ಬ ಹತ್ರಿ!" ಅಂತ ಕೂಗಬೇಕು. ಜನ ಮಕ್ಕಳುಮರಿ ಎತ್ತಿಕೊಂಡು ದಿಬ್ಬ ಹತ್ತಬೇಕು. ಗೋಡೆ ಬಿದ್ದರೂ ಜೀವ ಉಳಿಯುತ್ತಿತ್ತು.

ಓಟಗಾರರ ಕಾಲಲ್ಲಿ ಇರುತ್ತಿದ್ದದ್ದು ಒಂದೇ ಪದರ ತೊಗಲಿನ ತೆಳು ಮೆಟ್ಟು. ಕೈಯಲ್ಲಿ ಹಿಡಿದರೆ ರೊಟ್ಟಿಯ ಹಾಗೆ ಮಡಚುತ್ತಿತ್ತು. ಅದು ಮುಳ್ಳನ್ನು ತಡೆಯುತ್ತಿತ್ತು, ನೆಲವನ್ನು ತಡೆಯುತ್ತಿರಲಿಲ್ಲ. ಪಾಚಿ ಎಲ್ಲಿದೆ, ಅಲುಗಾಡುವ ಗುಂಡು ಯಾವುದು ಅನ್ನುವುದು ಕಣ್ಣಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತಿತ್ತು.

ಹೀಗಿರುವಾಗ ಅರಮನೆಯ ಮೆಟ್ಟಿನ ಉಗ್ರಾಣಕ್ಕೆ ಶೃಂಗಾರಯ್ಯ ಎಂಬ ಪಾರುಪತ್ಯಗಾರ ಬಂದ. ಬಂದವನೇ ರಾಜನ ಮುಂದೆ ಹೊಸದೊಂದು ಜೋಡು ಇಟ್ಟ. ಪದರದ ಮೇಲೆ ಪದರ ಹೊಲಿದ ದಪ್ಪ ಅಟ್ಟೆ, ಎತ್ತರದ ಹಿಮ್ಮಡಿ, ಹಕ್ಕಿಯ ಕೊಕ್ಕಿನಂಥ ಚೂಪು ಮೂತಿ.

"ಮಹಾಪ್ರಭು, ಪಾದ ಅನ್ನೋದು ಹೂವಿನಂಥದ್ದು. ಅದಕ್ಕೆ ಕಲ್ಲು ಮುಟ್ಟಬಾರದು, ಮಣ್ಣು ಮುಟ್ಟಬಾರದು. ನಮ್ಮ ಓಟಗಾರರು ಹಾಸಿಗೆಯ ಮೇಲೆ ಓಡಿದ ಹಾಗೆ ಓಡಲಿ."

ರಾಜ ಹಾಕಿಕೊಂಡು ನೋಡಿದ. ಮಂತ್ರಿಗಿಂತ ಎತ್ತರ ಕಂಡ. ಅಷ್ಟು ಸಾಕಾಯಿತು. ಅರಮನೆಯ ಚಾಕರಿಯವರೆಲ್ಲ ಇದನ್ನೇ ಹಾಕಬೇಕು ಅಂತ ಅಪ್ಪಣೆಯಾಯಿತು. ಇಂಥ ಒಂದು ಜೋಡಿಗೆ ಹಳೆಯ ನಾಲ್ಕು ಜೋಡಿಯ ತೊಗಲು ಬೇಕಾಗುತ್ತಿತ್ತು, ತೊಗಲಿನ ಮಂಡಿ ಶೃಂಗಾರಯ್ಯನ ಭಾವಮೈದನದು. ಇದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೊದಲ ಮಳೆಗಾಲ ಬಂತು. ಓಬಳ ಎಂಬ ಓಟಗಾರ ಬಂಡೆಯ ಮೇಲೆ ಪಾಚಿ ಇದ್ದದ್ದು ಗೊತ್ತಾಗದೆ ಜಾರಿ ಬಿದ್ದು ಸತ್ತ. "ಕುಡಿದಿದ್ದ," ಅಂದ ಶೃಂಗಾರಯ್ಯ. ರಾಜ ನಂಬಿದ.

ಎರಡನೆಯ ಮಳೆಗಾಲ ಬಂತು. ಕೆಂಗಪ್ಪನ ಕಾಲು ಹಳ್ಳದ ಗುಂಡುಕಲ್ಲಿನ ಮೇಲೆ ಹೊರಳಿತು. ಎತ್ತರದ ಹಿಮ್ಮಡಿ ಒಂದು ಕಡೆ, ಕಾಲು ಒಂದು ಕಡೆ. ಹಳ್ಳ ಅವನನ್ನು ಕೊಂಡೊಯ್ಯಿತು. "ಕಾಲಲ್ಲಿ ಕಸುವಿಲ್ಲದವನು," ಅಂದ ಶೃಂಗಾರಯ್ಯ. ರಾಜ ಮತ್ತೆ ನಂಬಿದ. ಆ ಎರಡು ಸಲವೂ ನೀರು ಊರಂಚಿನಲ್ಲೇ ನಿಂತದ್ದು ಪುಣ್ಯ.

ಮೂರನೆಯ ಮಳೆಗಾಲ ಬಂತು. ಆ ಸಲದ ಓಟಗಾರ ಬರಮ. ಬಂಡೆಯ ತಲೆಯ ಮೇಲೆ ನಿಂತು ಕೆಳಗೆ ನೋಡಿದ, ಜೋಡು ಕಿತ್ತು ಬಿಸಾಡಿದ, ಬರಿಗಾಲಲ್ಲಿ ಓಡಿದ. ಬಂಡೆ ಇಳಿದ, ಹಳ್ಳ ದಾಟಿದ. ಜಾಲಿ ಕಾಡಿನಲ್ಲಿ ಮುಳ್ಳು ಅಂಗಾಲಿಗೆ ನೆಟ್ಟು ಮುರಿಯಿತು. ಬರಮ ಕುಂಟುತ್ತ, ತೆವಳುತ್ತ ಬಂದ. ಅವನು ಕೂಗುವ ಹೊತ್ತಿಗೆ ನೀರು ಕುಂಬಾರಗೇರಿಗೆ ನುಗ್ಗಿತ್ತು. ಒಬ್ಬ ತಾಯಿಯನ್ನೂ ಅವಳ ಸೊಂಟದ ಮೇಲಿದ್ದ ಕೂಸನ್ನೂ ಮಾರನೆಯ ದಿನ ಕೆಸರಿನಿಂದ ಎತ್ತಿದರು.

"ಅರಮನೆಯ ಜೋಡು ಬಿಸಾಡಿದವನು ರಾಜದ್ರೋಹಿ. ಆ ಎರಡು ಜೀವ ಇವನ ತಲೆಗೇ," ಅಂದ ಶೃಂಗಾರಯ್ಯ. ಬರಮನನ್ನು ಬಂಡೆಯಿಂದ ತಳ್ಳಬೇಕು ಅಂತ ತೀರ್ಪಾಯಿತು.

ಬರಮನಿಗೆ ಒಬ್ಬಳು ಅಕ್ಕ. ಸಂಕವ್ವ ಅಂತ. ಅವಳು ಮೊದಲು ಶೃಂಗಾರಯ್ಯನ ಬಾಗಿಲಿಗೆ ಹೋದಳು. "ಬುದ್ಧೀ, ನಿಮ್ಮ ಜೋಡಿನಲ್ಲಿ ಬೆರಳು ಅಗಲ ಆಗಲ್ಲ. ನೆಲ ಗೊತ್ತಾಗಲ್ಲ."

"ನೆಲ ಗೊತ್ತಾಗೋದು ಹುಳಕ್ಕೆ. ಮನುಷ್ಯರಿಗೆ ಯಾಕವ್ವ? ಹೋಗು."

ಆಮೇಲೆ ಮಂತ್ರಿಯ ಹತ್ತಿರ ಹೋದಳು. ಮಂತ್ರಿ ತನ್ನ ಎತ್ತರದ ಜೋಡಿನ ಮೇಲೆ ಓಲಾಡುತ್ತ, "ನನಗೇನೋ ಹಿತವಾಗಿಯೇ ಇದೆಯಲ್ಲಮ್ಮ," ಅಂದ. ಹಿತವಾಗಿಯೇ ಇತ್ತು. ಅವನು ಪಲ್ಲಕ್ಕಿಯಲ್ಲಿ ಓಡಾಡುತ್ತಿದ್ದ.

ಕೊನೆಗೆ ರಾಜನ ಹತ್ತಿರ ಹೋದಳು. ಓಬಳನ ಹೆಣದ ಕಾಲಿನಿಂದ ಬಿಚ್ಚಿದ ಜೋಡು ಅವಳ ಕೈಯಲ್ಲಿತ್ತು. "ಮಡಚಿ ನೋಡಿ, ಬುದ್ಧೀ." ರಾಜ ಮಡಚಲು ನೋಡಿದ, ಅದು ಮಡಚಲಿಲ್ಲ. "ಪಾದ ಮಡಚುತ್ತೆ. ಇದು ಮಡಚಲ್ಲ. ಕೆಸರಲ್ಲಿ ಸಿಕ್ಕ ಆ ಕೂಸಿಗೆ ಇದನ್ನು ಯಾರು ಹೇಳಬೇಕು?"

ರಾಜ ಜೋಡನ್ನು ತಿರುಗಿಸಿ ನೋಡಿದ. "ಶೃಂಗಾರಯ್ಯ ಒಂದು ಹೇಳ್ತಾನೆ, ನೀನೊಂದು ಹೇಳ್ತೀಯ. ನಾನು ಯಾರನ್ನು ನಂಬಲಿ?"

"ಇಬ್ಬರನ್ನೂ ನಂಬಬೇಡಿ. ಈ ಜೋಡು ಹಿತ ಅನ್ನೋರ ಕಾಲನ್ನೇ ಕೇಳಿ. ನಾಳೆ ಸಭೆಯಲ್ಲಿ ನಾನೊಂದು ಸುಳ್ಳು ಕೂಗ್ತೀನಿ. ನೀವು ಕೂತಲ್ಲಿಂದ ಏಳಬಾರದು."

"ಏನೂ ಆಗದೆ ಹೋದರೆ?"

"ತಮ್ಮನ ಜೊತೆ ನನ್ನನ್ನೂ ತಳ್ಳಿ."

ಮಾರನೆಯ ದಿನ ಸಭೆ ತುಂಬಿತು. ಊರವರೂ ಬಂದಿದ್ದರು. ಸಭೆಗೆ ಮೆಟ್ಟು ಹಾಕಿಕೊಂಡು ಹೋಗುವ ಹಾಗಿಲ್ಲ, ಎಲ್ಲ ಮೆಟ್ಟಿಲ ಮೇಲೇ ಬಿಡಬೇಕು. ಒಂದು ಕಡೆ ಜರಿ ಹೊಲಿದ ಎತ್ತರದ ಜೋಡುಗಳು ಸಾಲಾಗಿ ನಿಂತಿದ್ದವು. ಇನ್ನೊಂದು ಕಡೆ ಕುರಿ ಕಾಯುವವರ, ನೀರು ಹೊರುವವರ ಸವೆದ ತೆಳು ಮೆಟ್ಟುಗಳು ಮಣ್ಣು ಮೆತ್ತಿಕೊಂಡು ಬಿದ್ದಿದ್ದವು. ಒಳಗೆ ಬರಮನನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದರು. ಬಂಡೆಗೆ ಕರೆದೊಯ್ಯುವ ಮೊದಲು ಶೃಂಗಾರಯ್ಯ ಅವನ ತಪ್ಪನ್ನು ರಾಗವಾಗಿ ವಿವರಿಸುತ್ತಿದ್ದ.

ಆಗ ಸಂಕವ್ವ ನೆಂದ ಸೀರೆಯಲ್ಲಿ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. "ಕೋಡಿ ಮೀರೈತೆ! ಏಳ್ರಪ್ಪೋ, ದಿಬ್ಬ ಹತ್ರಿ!"

ಸಭೆಯೇ ಎದ್ದಿತು. ಶೃಂಗಾರಯ್ಯನ ಮಾತು ಅರ್ಧಕ್ಕೇ ನಿಂತಿತು. ಎಲ್ಲರಿಗಿಂತ ಮೊದಲು ಬಾಗಿಲು ದಾಟಿದವನು ಅವನೇ. ಅವನ ಜರಿಯ ಜೋಡು ಕಾಲಿನ ಹತ್ತಿರವೇ ಇತ್ತು. ಅದನ್ನು ಪಕ್ಕಕ್ಕೆ ಒದ್ದ. ಬಗ್ಗಿದ, ಮಣ್ಣು ಮೆತ್ತಿದ ಒಂದು ಜೊತೆ ತೆಳು ಮೆಟ್ಟು ಆರಿಸಿ ತೆಗೆದ, ಕಾಲಿಗೆ ಸಿಕ್ಕಿಸಿಕೊಂಡು ದಿಬ್ಬದ ಕಡೆ ಓಡಿದ. ಒಳ್ಳೇ ಓಟ! ಒಂದು ಕಲ್ಲೂ ಎಡವಲಿಲ್ಲ.

ಮಂತ್ರಿಯೂ ಹಾಗೇ ಮಾಡಿದ. ಊರವರು ಉಳಿದ ತೆಳು ಮೆಟ್ಟು ಸಿಕ್ಕಿಸಿಕೊಂಡರು, ಸಿಗದವರು ಬರಿಗಾಲಲ್ಲೇ ಓಡಿದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಎತ್ತರದ ಜೋಡುಗಳಷ್ಟೇ ಉಳಿದವು. ಒಂದೂ ಕಡಿಮೆಯಾಗಿರಲಿಲ್ಲ.

ನೀರು ಬರಲಿಲ್ಲ. ರಾಜ ಎದ್ದು ಬಂದು ಮೆಟ್ಟಿಲ ಮೇಲೆ ನಿಂತ, ಎಲ್ಲರನ್ನೂ ಕರೆಸಿದ. ಶೃಂಗಾರಯ್ಯ ಹಿಂದಕ್ಕೆ ಬಂದ. ಅವನ ಹಿಂದೆಯೇ ಕರಿಯಜ್ಜ ಎಂಬ ಕುರಿಗಾಹಿ ಬರಿಗಾಲಲ್ಲಿ ಬಂದ.

"ಬುದ್ಧೀ, ಅವು ನನ್ನ ಮೆಟ್ಟು. ಜೀವ ಹೋಗೋ ಹೊತ್ತು ಅಂತ ಕೇಳಲಿಲ್ಲ. ಈಗ ಕೊಡಿಸ್ರಿ."

ಯಾರಾದರೂ ನಗಬಹುದಿತ್ತು. ನಗಲಿಲ್ಲ. ಓಬಳನ ಹೆಂಡತಿ ಅಲ್ಲೇ ನಿಂತಿದ್ದಳು.

ರಾಜ ಕೇಳಿದ: "ಶೃಂಗಾರಯ್ಯ, ಅಷ್ಟು ಮೆಟ್ಟಿನಲ್ಲಿ ಇದನ್ನೇ ಯಾಕೆ ಆರಿಸಿದೆ?"

ಶೃಂಗಾರಯ್ಯ ಬಗ್ಗಿ ಕರಿಯಜ್ಜನ ಮೆಟ್ಟು ಬಿಚ್ಚಿಟ್ಟ.

ರಾಜ ತಾನೇ ಹೋಗಿ ಬರಮನ ಹಗ್ಗ ಬಿಚ್ಚಿದ. "ಆ ಮೂವರು ಓಟಗಾರರೂ ತಪ್ಪು ಮಾಡಿರಲಿಲ್ಲ. ಮಾಡಿದ್ದು ಇವನು. ಇವನ ಮಾತು ಕೇಳಿದ್ದು ನಾನು," ಅಂದ. ಕೊನೆಯ ಮಾತು ಅವನದೇ ಆದದ್ದು ಅದೇ ಮೊದಲು. ಶೃಂಗಾರಯ್ಯನ ಉಗ್ರಾಣ ಕಿತ್ತುಕೊಂಡು, ಅವನನ್ನು ಬೆಟ್ಟದ ಮೇಲಿನ ಕೆರೆಗೆ ಓಟಗಾರನಾಗಿ ಕಳಿಸಿದರು. ಕಾಲಿಗೆ ಏನು ಬೇಕೋ ಅದನ್ನು ಅವನೇ ಆರಿಸಿಕೊಳ್ಳಲಿ ಅಂದರು. ಎತ್ತರದ್ದನ್ನು ಅವನು ಮುಟ್ಟಲಿಲ್ಲ.

ಉಗ್ರಾಣದಲ್ಲಿ ಈಗ ಸಂಕವ್ವ ಕೂತಳು. ಓಡುವವರಿಗೂ ಸಂತೆಗೆ ನಡೆಯುವವರಿಗೂ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು: "ಕೈಯಲ್ಲಿ ಮಡಚಿ ನೋಡು. ನಿಂತುಕೊಂಡು ಹಾಕಿ ನೋಡು, ಬೆರಳು ಹರಡಬೇಕು. ಹಿಮ್ಮಡಿಯೂ ಬೆರಳೂ ಒಂದೇ ಮಟ್ಟದಲ್ಲಿರಬೇಕು. ದಪ್ಪದ್ದು ರೂಢಿಯಾದ ಕಾಲು ಸೋತಿರ್ತದೆ. ಮೊದಲು ನಡೆ, ಆಮೇಲೆ ಓಡು. ಅವಸರ ಮಾಡಬೇಡ." ಕೆಲವರು ಕೇಳಿದರು. ಕೆಲವರಿಗೆ ಎತ್ತರವೇ ಇಷ್ಟ, ಅವರು ಕೇಳಲಿಲ್ಲ.

ಮುಂದಿನ ಮಳೆಗಾಲದಲ್ಲಿ ಸುದ್ದಿ ನೀರಿಗಿಂತ ಮೊದಲೇ ಬಂತು. ಊರು ದಿಬ್ಬ ಹತ್ತಿತು. ಕುಂಬಾರಗೇರಿಯವರು ಹತ್ತುತ್ತ ಹತ್ತುತ್ತ, ಇಲ್ಲವಾದವರ ಹೆಸರು ಹಿಡಿದು ಅತ್ತರು.

ಈ ಕಥೆಯ ನೀತಿ ಇಷ್ಟೇ, ಮಕ್ಕಳೇ. ಪಾದಕ್ಕೆ ಬೇಕಾದದ್ದು ಮುಳ್ಳಿನಿಂದ ಕಾವಲು, ನೆಲದಿಂದಲ್ಲ. ನಿಮ್ಮ ಕಾಲಿಗೆ ಯಾವುದು ಒಳ್ಳೆಯದು ಅಂತ ಯಾರಾದರೂ ಸಿಹಿಯಾಗಿ ಹೇಳಲು ಬಂದರೆ, ಅವರ ಮಾತು ಕೇಳುವ ಮೊದಲು, ತಮ್ಮ ಜೀವಕ್ಕಾಗಿ ಓಡುವಾಗ ಅವರು ಏನು ಹಾಕಿಕೊಳ್ಳುತ್ತಾರೆ ಅಂತ ನೋಡಿ.