ಭತ್ತದ ಬೇರು ಕೆಂಪಾಗಿದ್ದು

ಭೂಮಿ ಆಗಿನ್ನೂ ಹೊಸದು. ಆಗ ಭತ್ತದ ಬೇರು ಪೂರ್ತಿ ಬೆಳ್ಳಗಿತ್ತು, ನೆನೆಸಿದ ಶಾವಿಗೆ ಥರ.

ಬೇರಕ್ಕಂಗೆ ನೆಂಟರು ಅಂದ್ರೆ ಪ್ರಾಣ. ನೀರಿನ ಜೊತೆ ಯಾರು ಬಂದ್ರೂ ಬಾಗಿಲಲ್ಲಿ ಒಂದೇ ಪ್ರಶ್ನೆ ಕೇಳೋಳು, "ಯಾರ ಪೈಕಿ?" "ಸುಣ್ಣದ ಪೈಕಿ" ಅಂದ್ರೆ ಸಾಕು, "ನಮ್ಮವರೇ, ಬನ್ನಿ" ಅಂತ ಒಳಗೆ ಬಿಡೋಳು. ಅವರು ಕಾಂಡ ಹತ್ತಿ ತೆನೆಗೆ ಹೋಗೋರು.

ಒಂದು ದಿನ ಸೀಸ ಬಂದ. ಮೈ ಭಾರ, ಮಾತು ಸಿಹಿ.

"ಯಾರ ಪೈಕಿ?"

"ಸುಣ್ಣದ ಪೈಕಿನೇ ಅಕ್ಕಾ. ದೊಡ್ಡಪ್ಪನ ಮಗ. ನೋಡಿದ್ರೆ ಗೊತ್ತಾಗಲ್ವಾ?"

ಕೆಳಗಿಂದ ಎರೆಹುಳ ಕೂಗ್ತು, "ಬೇರಕ್ಕಾ, ಅವನು ಸೋಕಿದ್ದಕ್ಕೇ ನನ್ನ ಮೈ ಉರೀತಿದೆ! ಇನ್ನೊಂದ್ಸಲ ಕೇಳು!"

"ಶ್! ಬಂದವರನ್ನ ಎರಡು ಸಲ ಕೇಳ್ತಾರಾ? ಮರ್ಯಾದೆ ಬೇಡ್ವಾ?" ಅಂದ್ಲು ಬೇರಕ್ಕ.

ಸೀಸ ಸೀದಾ ಹೋಗಿ ಕಾಳಲ್ಲಿ ಕೂತ.

ರಾಟವಾಳ ಹಕ್ಕಿ ಆ ಕಾಳನ್ನ ತನ್ನ ಮರಿಗೆ ತಿನ್ನಿಸ್ತು. ಸಂಜೆಗೆ ಮರಿಯ ಕುತ್ತಿಗೆ ವಾಲಿತು.

"ನಿಮ್ಮನೆ ಊಟಾನೇ ಕೊಟ್ಟಿದ್ದು ಬೇರಕ್ಕಾ. ಬೇರೇನೂ ಕೊಟ್ಟಿಲ್ಲ," ಅಂತು ತಾಯಿಹಕ್ಕಿ. ಬೈಲಿಲ್ಲ. ಬೈದಿದ್ರೇ ಚೆನ್ನಾಗಿರ್ತಿತ್ತು.

ಬೇರಕ್ಕ ಕೆಸರಲ್ಲಿ ಮುಖ ಮುಚ್ಕೊಂಡ್ಲು. ನೀರೂ ಕುಡೀಲಿಲ್ಲ.

ಪಕ್ಕದಲ್ಲಿ ಹಿಂದಿನ ಬೆಳೆಯ ಹುಲ್ಲಜ್ಜಿ ಕೊಳೀತಾ ಮಲಗಿದ್ಲು. "ನೀನು ಮುಖ ಮುಚ್ಕೊಂಡ್ರೆ ಮರಿಗೇನು ಬಂತೇ? ಗೂಡಲ್ಲಿ ಇನ್ನೂ ನಾಲ್ಕು ಮರಿ ಇವೆ. ಅವೂ ನಿನ್ನ ಕಾಳನ್ನೇ ತಿನ್ನಬೇಕು."

"ಏನು ಮಾಡ್ಲಿ ಅಜ್ಜಿ?"

"ಈ ಕೆಸರಲ್ಲಿ ಕಬ್ಬಿಣ ಇದೆ. ಎಲೆ ಕೊಡೋ ಗಾಳೀನ ಅದರ ಮೇಲೆ ಊದು. ತುಕ್ಕಾಗುತ್ತೆ. ಅದನ್ನ ಮೈಗೆಲ್ಲ ಬಳ್ಕೋ. ಸೀಸ ಅದಕ್ಕಂಟಿ ಹೊರಗೇ ಉಳೀತಾನೆ. ತಪ್ಪಿಸ್ಕೊಂಡ್ರೆ ನನ್ನ ಕಪ್ಪು ರಸದಲ್ಲಿ ನಾನು ಹಿಡ್ಕೋತೀನಿ."

"ತುಕ್ಕಾ? ನೋಡಿದೋರು ಏನಂತಾರೆ?"

"ನಾಚಿ ಕೆಂಪಾಗಿದ್ದಾಳೆ ಅಂತಾರೆ. ಸುಳ್ಳಾ?"

ಬೇರಕ್ಕ ಎಲೆಯಿಂದ ಗಾಳಿ ಎಳ್ಕೊಂಡ್ಲು. ಊದಿದ್ಲು. ಊದಿದ್ಲು. ಮೈಯೆಲ್ಲ ಕೆಂಪಾಯ್ತು.

ಮಾರನೇ ದಿನ ನೀರಿನ ಜೊತೆ ಇನ್ನೊಬ್ಬ ಸೀಸ ಬಂದ. "ಅಕ್ಕಾ, ಸುಣ್ಣದ ಪೈ..." ಅನ್ನೋಷ್ಟರಲ್ಲಿ ತುಕ್ಕಿಗೆ ಅಂಟ್ಕೊಂಡ.

ಹೊಸ ಕಾಳು ತಿಂದ ನಾಲ್ಕೂ ಮರಿ ಹಾರಿದ್ವು. ಕುತ್ತಿಗೆ ವಾಲಿದ್ದ ಆ ಮೊದಲನೇ ಮರೀನೂ ಬದುಕ್ತು, ಆದ್ರೆ ಹಾರಲಿಲ್ಲ. ಬದುವಿನ ಮೇಲೆ ನಡ್ಕೊಂಡೇ ಹೋಗೋದು. ಅದರ ಹೆಜ್ಜೆ ಕೇಳಿದಾಗೆಲ್ಲ ಬೇರಕ್ಕ ಇನ್ನಷ್ಟು ಕೆಂಪಾಗೋಳು.

ಈಗಲೂ ನೀನು ಗದ್ದೇಲಿ ಒಂದು ಭತ್ತದ ಗಿಡ ಕಿತ್ತು ತೊಳೆದು ನೋಡು, ಬೇರಿನ ಕೆಂಪು ಹೋಗಲ್ಲ. ತುದಿ ಮಾತ್ರ ಬೆಳ್ಳಗಿರುತ್ತೆ. ಅದು ಇವತ್ತು ಬೆಳಿಗ್ಗೆ ಹುಟ್ಟಿದ್ದು, ಅದಕ್ಕೆ ಈ ವಿಷಯ ಇನ್ನೂ ಯಾರೂ ಹೇಳಿಲ್ಲ.