ನಾಲ್ಕನೆಯ ಬೊಟ್ಟು

ಒಂದು ಕಾಡಿನಲ್ಲಿ ಹೊಂಗೆಮರದ ಕೆಳಗೆ ಒಂದು ಶಾಲೆ ಇತ್ತು. ಗೋಡೆ ಇರಲಿಲ್ಲ, ಗಂಟೆ ಇರಲಿಲ್ಲ. ನೆರಳಿತ್ತು, ಅಷ್ಟೆ. ಕಲಿಸಲು ಒಬ್ಬಳು ಮುದಿ ಕಡವೆ ಇದ್ದಳು. ಮರಿಗಳು ಅವಳನ್ನು ಅಕ್ಕೋರು ಎನ್ನುತ್ತಿದ್ದವು. ಮರಿಗಳ ಅಪ್ಪ ಅಮ್ಮಂದಿರೂ ಅಕ್ಕೋರು ಎಂದೇ ಕರೆಯುತ್ತಿದ್ದರು. ಅವರಿಗೂ ಕಲಿಸಿದವಳು ಅವಳೇ.

ಆ ಶಾಲೆಯಲ್ಲಿ ನಾಲ್ಕು ಪಾಠ. ಕಾಡಿನಲ್ಲಿ ಯಾರೋ ಕೂಗಿದರೆ ಅದು ಯಾರ ಕೂಗು, ಹೆದರಿಕೆಯದೋ ಖುಷಿಯದೋ ಹೇಳಬೇಕು. ಜೊತೆಯಲ್ಲಿರುವವರನ್ನು ಎಣಿಸಿ, ಒಬ್ಬರು ಕಡಿಮೆಯಾದರೂ ತಿಳಿಯಬೇಕು. ಬಿಸಿಲು, ಗಾಳಿ ನೋಡಿ ದಾರಿ ಹಿಡಿಯಬೇಕು. ಮೂಸಿ ನೋಡಿ, ಬಾಯಿಗೆ ಹಾಕಬಹುದಾದದ್ದು ಯಾವುದು, ಹಾಕಬಾರದ್ದು ಯಾವುದು ಎನ್ನಬೇಕು.

"ಈ ನಾಲ್ಕು ಎಲ್ಲರಿಗೂ ಬೇಕು," ಎನ್ನುತ್ತಿದ್ದಳು ಅಕ್ಕೋರು. "ಆನೆಮರಿಗೂ ಬೇಕು, ಅಳಿಲುಮರಿಗೂ ಬೇಕು. ಒಬ್ಬರಿಗೆ ಬೇಗ ಬರುತ್ತೆ, ಒಬ್ಬರಿಗೆ ನಿಧಾನ. ಬಂದರೆ ಸಾಕು."

ಪಾಠ ಬಂದ ಮರಿಯ ಹಣೆಗೆ ಅವಳು ಹುತ್ತದ ಕೆಮ್ಮಣ್ಣಿನ ಬೊಟ್ಟು ಇಡುತ್ತಿದ್ದಳು. ಒಂದು ಪಾಠಕ್ಕೆ ಒಂದು ಬೊಟ್ಟು.

ಬೇಸಿಗೆ ಬಂದರೆ ಆ ಕಾಡಿನ ಹಳ್ಳ ಬತ್ತುತ್ತಿತ್ತು. ಆಗ ಎಲ್ಲರೂ ಗುಡ್ಡದಾಚೆಯ ದೊಡ್ಡಕೆರೆಗೆ ಸಾಲಾಗಿ ಹೊರಡುತ್ತಿದ್ದರು. ನಾಲ್ಕು ಬೊಟ್ಟಿನ ಮರಿಗಳು ಸಾಲಿನ ಮುಂದೆ. ಉಳಿದ ಮರಿಗಳು ಅಕ್ಕೋರ ಜೊತೆ ನಡುವೆ. ಹುಲಿ ಬಂದರೆ ಬೆನ್ನ ಹಿಂದಿನಿಂದ ಬರುತ್ತದೆಂದು ದೊಡ್ಡವರು ಕೊನೆಗೆ. ದಾರಿಯಲ್ಲಿ ನೀರಿನ ಗುಂಡಿ ಸಿಕ್ಕರೆ ಮುಂದಿನ ಮರಿಗಳಲ್ಲಿ ಸರದಿಯವರು ಮೂಸಬೇಕು. ಅವರು ಸರಿ ಎಂದರೆ ಎಲ್ಲರೂ ಕುಡಿಯುವುದು. ಹಿಂದಿನಿಂದಲೂ ನಡೆದು ಬಂದ ಪದ್ಧತಿ ಇದು.

ಕೆಂಚ ಎಂಬ ನರಿಗೆ ಮೊಗ್ಗಿ ಎಂಬ ಒಬ್ಬಳೇ ಮಗಳು. ತಾಯಿ ಇಲ್ಲದ ಮರಿ. ಕೆಂಚ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದ. ಬೋರೆಹಣ್ಣು ತಂದರೆ ಒಂದೊಂದನ್ನೂ ತಾನು ಮೂಸಿ, ಹುಳುಕನ್ನು ಎಸೆದು, ಒಳ್ಳೆಯದನ್ನಷ್ಟೇ ಅವಳ ಮುಂದೆ ಇಡುತ್ತಿದ್ದ. ಏಡಿ ತಂದರೂ ಹಾಗೆಯೇ, ಗೆಡ್ಡೆ ತಂದರೂ ಹಾಗೆಯೇ.

ಮೊಗ್ಗಿ ಜಾಣೆ. ಎಣಿಕೆಯಲ್ಲಿ ಅವಳೇ ಮುಂದು. ಹಾರುವ ಗಿಳಿಹಿಂಡನ್ನೂ ಎಣಿಸುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಹಣೆಯಲ್ಲಿ ಮೂರು ಬೊಟ್ಟು ಬಿದ್ದವು. ಮೂಸುವ ಪಾಠ ಮಾತ್ರ ಹತ್ತಲಿಲ್ಲ.

ಒಂದು ದಿನ ಅಕ್ಕೋರು ಕೆಂಚನನ್ನು ಕರೆದಳು.

"ಕೆಂಚಪ್ಪಾ, ನಿನ್ನ ಮಗಳಿಗೆ ಈ ವರ್ಷ ಮೂರು ಬೊಟ್ಟು ಸಾಕು. ಬೇಸಿಗೆಯಲ್ಲಿ ನನ್ನ ಜೊತೆ ನಡುವೆ ನಡೀಲಿ. ಮುಂದಿನ ಮಳೆಗೆ ಮತ್ತೆ ನೋಡೋಣ."

ಕೆಂಚನ ಬಾಲ ಕೆಳಗಿಳಿಯಿತು. "ನರಿಯ ಮಗಳಿಗೆ ಮೂಸೋಕೆ ಬರಲ್ಲ ಅಂತೀರಾ ಅಕ್ಕೋರೇ? ಊರೆಲ್ಲ ನಗಲ್ವಾ?"

"ನಗೋರು ನಗಲಿ. ಬೊಟ್ಟು ಇಡೋದು ಮೆರೆಯೋಕಲ್ಲ. ಯಾರನ್ನ ಯಾವುದಕ್ಕೆ ನಂಬಬಹುದು ಅಂತ ಉಳಿದವರಿಗೆ ತಿಳಿಯೋಕೆ. ನೀನು ಒಂದು ಕೆಲಸ ಮಾಡು. ಮನೇಲಿ ನೀನು ಮೂಸೋದು ಬಿಡು. ಅವಳು ಮೂಸಲಿ."

"ಅವಳು ಕೆಟ್ಟದ್ದು ತಿಂದುಬಿಟ್ಟರೆ?"

"ಪಕ್ಕದಲ್ಲಿ ನೀನಿರ್ತೀಯಲ್ಲ."

ಕೆಂಚ ತಲೆಯಾಡಿಸಿ ಹೊರಟ. ಹಳ್ಳದ ದಂಡೆಯಲ್ಲಿ ಮುಳ್ಳುಹಂದಿಯಮ್ಮ ಎದುರಾದಳು.

"ಏನು ಕೆಂಚಣ್ಣ, ನಮ್ಮ ಹುಡುಗನಿಗೆ ನಾಲ್ಕೂ ಬಂತು. ನಿಮ್ಮ ಮೊಗ್ಗಿಗೆ ಮೂರೇ ಅಂತೆ? ಮೂಗಿನದೇ ಉಳೀತಂತೆ? ಅಯ್ಯೋ, ಮೀನಿನ ಮರಿಗೆ ಈಜು ಬರಲ್ಲ ಅಂದ ಹಾಗಾಯ್ತಲ್ಲ!"

ಕೆಂಚ ನಕ್ಕಂತೆ ಮಾಡಿದ. ಒಳಗೆ ಮಾತ್ರ ಕೆಂಡ ಇಟ್ಟಂತಾಯಿತು. ಅಕ್ಕೋರು ಹೇಳಿದ್ದು ಅಲ್ಲೇ ಮರೆತುಹೋಯಿತು. ಮುಳ್ಳುಹಂದಿಯಮ್ಮ ಹೇಳಿದ್ದು ಗವಿಯವರೆಗೂ ಜೊತೆಗೆ ಬಂತು.

ಮರುದಿನ ಅವನು ಶಾಲೆಗೆ ಹೋದ. ಮೂಸುವ ಪರೀಕ್ಷೆಗೆ ಮುತ್ತುಗದ ಎಲೆಯಲ್ಲಿ ಪೊಟ್ಟಣ ಕಟ್ಟುವುದು ರೂಢಿ. ಒಂದರಲ್ಲಿ ಹಣ್ಣು, ಒಂದರಲ್ಲಿ ಗೆಡ್ಡೆ, ಒಂದರಲ್ಲಿ ಕಾರೆಕಾಯಿ. ಕಾರೆಕಾಯಿ ನಂಜು. ನೀರಿಗೆ ಬಿದ್ದು ಕೊಳೆತರೆ ಮೀನುಗಳೂ ಹೊಟ್ಟೆ ಮೇಲಾಗಿ ತೇಲುತ್ತವೆ. ಪೊಟ್ಟಣ ಬಿಚ್ಚದೆ ನಂಜು ಯಾವುದೆಂದು ಹೇಳುವುದೇ ಪರೀಕ್ಷೆ.

"ಅಕ್ಕೋರೇ, ಗೊರಸಿನಲ್ಲಿ ಪೊಟ್ಟಣ ಕಟ್ಟೋಕಾಗುತ್ತಾ? ಮೊಗ್ಗಿ ಇನ್ನೊಂದು ಸಲ ಕೂರಲಿ. ಪೊಟ್ಟಣ ನಾನು ಕಟ್ಟಿಕೊಡ್ತೀನಿ."

ಅಕ್ಕೋರಿಗೆ ಖುಷಿಯಾಯಿತು. ಹಿಂದೆ ಕೋತಿ ಕಟ್ಟುತ್ತಿತ್ತು. ಕಟ್ಟುವುದಕ್ಕಿಂತ ತಿನ್ನುವುದೇ ಹೆಚ್ಚು.

ಕೆಂಚ ಅಚ್ಚುಕಟ್ಟಾಗಿ ಎಲೆ ಮಡಿಸಿದ, ಮುಳ್ಳು ಚುಚ್ಚಿದ. ಕಾರೆಕಾಯಿಯ ಪೊಟ್ಟಣದ ಎಲೆಯ ತುದಿಯನ್ನು ಮಾತ್ರ ಹಲ್ಲಿನಿಂದ ಸ್ವಲ್ಪ ಕಚ್ಚಿ ತೆಗೆದ. ಗೊತ್ತಿದ್ದವರಿಗಷ್ಟೇ ಕಾಣುವ ಗುರುತು.

ದಾರಿಯಲ್ಲಿ ಮಗಳ ಕಿವಿಯಲ್ಲಿ ಹೇಳಿದ. "ತುದಿ ಇಲ್ಲದ ಎಲೆ ನೋಡಿಕೋ. ಅದೇ ನಂಜು."

"ಮೂಸೋದು ಬೇಡ್ವಾ ಅಪ್ಪಾ?"

"ಮೂಸಿದ ಹಾಗೆ ಮಾಡು."

ಮೊಗ್ಗಿ ಮೂಸಿದ ಹಾಗೆ ಮಾಡಿದಳು. ತುದಿ ಇಲ್ಲದ ಎಲೆಯ ಮೇಲೆ ಪಂಜ ಇಟ್ಟಳು. ಅಕ್ಕೋರು ಅವಳನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಕೆಮ್ಮಣ್ಣಿನಲ್ಲಿ ಗೊರಸು ಅದ್ದಿ ನಾಲ್ಕನೆಯ ಬೊಟ್ಟು ಇಟ್ಟಳು.

ಕೆಂಚ ಮಗಳನ್ನು ಬೇಕೆಂದೇ ಮುಳ್ಳುಹಂದಿಯಮ್ಮನ ಬಿಲದ ಮುಂದೆ ನಡೆಸಿಕೊಂಡು ಹೋದ. ಮನೆ ತಲುಪಿದ ಮೇಲೆ ಮೊಗ್ಗಿ ಹಣೆಯನ್ನು ಬಂಡೆಗೆ ಉಜ್ಜತೊಡಗಿದಳು.

"ಏನಾಯ್ತು ಮಗಾ?"

"ಈ ಬೊಟ್ಟು ತುರಿಸುತ್ತೆ ಅಪ್ಪಾ."

"ಹೊಸದಲ್ವಾ. ಒಣಗಿದರೆ ಸರಿಹೋಗುತ್ತೆ," ಎಂದ ಕೆಂಚ. ಹಣ್ಣು ಮೂಸಿ ಅವಳ ಮುಂದಿಟ್ಟ. ಅವಳು ತಿನ್ನಲಿಲ್ಲ.

ಬೇಸಿಗೆ ಬಂತು. ಮುತ್ತುಗ ಹೂಬಿಟ್ಟಿತು, ಹಳ್ಳ ಬತ್ತಿತು. ಸಾಲು ಹೊರಟಿತು. ಮುಂದೆ ಮೊಗ್ಗಿ, ಅವಳ ಗೆಳತಿ ಹತ್ತಿ ಎಂಬ ಮೊಲದ ಮರಿ, ಗಡಿಗೆ ಎಂಬ ಕಾಡುಹಂದಿಯ ಮರಿ, ಮುಳ್ಳುಹಂದಿಯಮ್ಮನ ಮಗ. ಕೆಂಚ ಕೊನೆಯಲ್ಲಿ ದೊಡ್ಡವರ ಜೊತೆ ನಡೆದ. ಮೊದಮೊದಲು ಕತ್ತು ನೀಳಮಾಡಿ ಮಗಳನ್ನು ನೋಡಿ ಬೀಗಿದ. ಮೊದಲ ಗುಂಡಿಯ ನೀರನ್ನು ಗಡಿಗೆ ಮೂಸಿದ. ಎರಡನೆಯದನ್ನು ಹತ್ತಿ ಮೂಸಿದಳು. ಮುಂದಿನ ಸರದಿ ಯಾರದೆಂದು ಆಗ ಕೆಂಚನಿಗೆ ಹೊಳೆಯಿತು. ಅವನ ಬೀಗು ಇಳಿಯಿತು. ಇನ್ನೊಂದು ಗುಂಡಿ ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ ನಡೆದ.

ಬಿಸಿಲೇರಿತು. ಮರಿಗಳ ನಾಲಿಗೆ ಹೊರಬಿತ್ತು. ಆಗ ಬಂಡೆಯ ಮರೆಯಲ್ಲಿ ಒಂದು ಗುಂಡಿ ಕಂಡಿತು. ತಿಳಿನೀರು. ಸುತ್ತ ಮುಳ್ಳುಗಿಡಗಳ ನೆರಳು.

"ನೀರು! ನೀರು!" ಮರಿಗಳೆಲ್ಲ ಓಡಿದವು. ದಂಡೆಯಲ್ಲಿ ಸಾಲಾಗಿ ನಿಂತವು.

"ಮೊಗ್ಗಿ, ನಿನ್ನ ಸರದಿ," ಎಂದಳು ಹತ್ತಿ. ಅವಳ ತುಟಿ ಒಣಗಿ ಒಡೆದಿತ್ತು. "ಬೇಗ ಹೇಳೇ. ಗಂಟಲು ಉರೀತಿದೆ."

ಮೊಗ್ಗಿ ಬಗ್ಗಿದಳು. ಮೂಸಿದಳು. ಏನೋ ವಾಸನೆ ಇತ್ತು. ಒಳ್ಳೆಯದೋ ಕೆಟ್ಟದೋ ತಿಳಿಯಲಿಲ್ಲ. ಅವಳು ಗುಂಡಿಯ ಸುತ್ತ ನೋಡಿದಳು. ನೀರಿಗೆ ಎಲೆಯ ಹೊದಿಕೆ ಇರಲಿಲ್ಲ. ಕಚ್ಚಿದ ತುದಿ ಎಲ್ಲೂ ಇರಲಿಲ್ಲ.

ಸಾಲಿನ ಕೊನೆಯಲ್ಲಿ ಕೆಂಚ ನಿಂತಲ್ಲೇ ನಿಂತ. ಗಾಳಿ ಅವನ ಬೆನ್ನ ಕಡೆಯಿಂದ ಬೀಸುತ್ತಿತ್ತು. ನೀರಿನ ವಾಸನೆ ಅಲ್ಲಿಗೆ ಬರುವಂತಿರಲಿಲ್ಲ. ಕಂಡದ್ದು ಬಗ್ಗಿದ ಮಗಳ ಬೆನ್ನು, ಅವಳ ಪಕ್ಕದಲ್ಲಿ ಬಾಯಿ ತೆರೆದು ಕಾದ ಅಷ್ಟು ಮರಿಗಳು.

'ನೀರು ಒಳ್ಳೆಯದೇ ಇರಬಹುದು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ,' ಎಂದಿತು ಅವನ ಬುದ್ಧಿ. ಅವನ ಕಾಲುಗಳು ಆ ಮಾತು ಕೇಳಲಿಲ್ಲ. ಆನೆಯ ಕಾಲ ಕೆಳಗೆ ನುಸುಳಿ, ಮುಳ್ಳುಹಂದಿಯಮ್ಮನ ಮುಳ್ಳು ತರಚಿಸಿಕೊಂಡು ಅವನು ಓಡಿದ.

"ಕುಡೀಬೇಡಿ! ಯಾರೂ ಕುಡೀಬೇಡಿ! ಅವಳಿಗೆ ಮೂಸೋಕೆ ಬರಲ್ಲ! ಎಲೆಗೆ ಗುರುತು ಹಾಕಿದ್ದು ನಾನು!"

ಕೂಗುತ್ತಾ ಗುಂಡಿಯ ಬಳಿ ಬಂದು ಬಿದ್ದ. ಎಲ್ಲರೂ ಅವನನ್ನೇ ನೋಡಿದರು. ಒಬ್ಬರ ಬಾಯಿಯೂ ಒದ್ದೆಯಾಗಿರಲಿಲ್ಲ.

"ಯಾರೂ ಕುಡೀತಿಲ್ಲ ಮಾವಾ," ಎಂದಳು ಹತ್ತಿ. "ಮೊಗ್ಗಿ ಆಗಲೇ ಹೇಳಿದಳು, ನನಗೆ ಗೊತ್ತಾಗ್ತಿಲ್ಲ, ಬೇರೆಯವರು ಮೂಸಲಿ ಅಂತ."

ಗಡಿಗೆ ಮೂತಿ ಚಾಚಿ ಮೂಸಿದ. ಮೂಸಿದವನೇ ಹಿಂದೆ ಸರಿದು ಸೀನಿದ. "ಥೂ! ಕಾರೆಕಾಯಿ ಬಿದ್ದು ಕೊಳೆತಿದೆ!"

ಎಲ್ಲರೂ ತಲೆ ಎತ್ತಿದರು. ನೆರಳು ಕೊಟ್ಟ ಮುಳ್ಳುಗಿಡಗಳೆಲ್ಲ ಕಾರೆಗಿಡಗಳೇ.

"ಗುರುತು ಹಾಕಿದ್ದಂತೆ! ಮಕ್ಕಳ ಪರೀಕ್ಷೆಯಲ್ಲಿ!" ಎಂದಳು ಮುಳ್ಳುಹಂದಿಯಮ್ಮ. ಅವಳ ಮುಳ್ಳೆಲ್ಲ ನಿಮಿರಿ ನಿಂತವು. "ನನ್ನ ಮಗ ಮೊದಲು ಕುಡೀತಿದ್ದ!"

ಜಾಣ ಎಂದು ಹೆಸರಾದ ನರಿ ಊರವರೆಲ್ಲರ ಮುಂದೆ ಮೂತಿಯನ್ನು ಮಣ್ಣಿಗೆ ಊರಿ ಮಲಗಿದ.

ಅಕ್ಕೋರು ನಿಧಾನವಾಗಿ ಮೊಗ್ಗಿಯ ಬಳಿ ಬಂದಳು. ಮೊಗ್ಗಿ ನಡುಗುತ್ತಿದ್ದಳು.

"ಅಕ್ಕೋರೇ, ಈ ಬೊಟ್ಟು ನಂದಲ್ಲ. ತೆಗೀರಿ."

ಅಕ್ಕೋರು ಬಗ್ಗಿ ಆ ಬೊಟ್ಟನ್ನು ನಾಲಿಗೆಯಿಂದ ನೆಕ್ಕಿದಳು, ಆಗಷ್ಟೇ ಹುಟ್ಟಿದ ಕರುವನ್ನು ತಾಯಿ ನೆಕ್ಕುವ ಹಾಗೆ. ಆ ಜಾಗ ಸ್ವಚ್ಛವಾದ ಮೇಲೂ ಇನ್ನೊಮ್ಮೆ ನೆಕ್ಕಿದಳು. ಮೊಗ್ಗಿಯ ನಡುಕ ನಿಂತಿತು.

"ಗೊತ್ತಿಲ್ಲ ಅಂದೆಯಲ್ಲ ಮಗಾ, ಅದನ್ನ ನಾನು ಯಾರಿಗೂ ಕಲಿಸಿರಲಿಲ್ಲ. ಇನ್ನು ಮೇಲೆ ಕಲಿಸಬೇಕು."

ಆಮೇಲೆ ಕೆಂಚನ ಕಡೆ ತಿರುಗಿದಳು.

"ಕೆಂಚಪ್ಪಾ, ಪೊಟ್ಟಣವನ್ನ ನಿನ್ನ ಕೈಗೆ ಕೊಟ್ಟದ್ದು ನನ್ನ ತಪ್ಪು, ಅದನ್ನ ನಾನು ತಿದ್ದಿಕೊಳ್ತೀನಿ. ನಿನ್ನದಕ್ಕೆ ಶಿಕ್ಷೆ ಇದೆ. ಇವತ್ತಿನಿಂದ ಮಗಳಿಗೆ ಆ ಬೊಟ್ಟು ಬರುವವರೆಗೆ ಅವಳು ಮೂಸಿ ಆರಿಸಿಕೊಟ್ಟದ್ದನ್ನೇ ನೀನು ತಿನ್ನಬೇಕು. ಬೇರೇನೂ ಮುಟ್ಟುವ ಹಾಗಿಲ್ಲ."

"ನಂಜು ಕೊಟ್ಟರೆ ಅಕ್ಕೋರೇ?"

"ನಿನಗೆ ಮೂಗಿದೆಯಲ್ಲ. ನಂಜಾದರೆ ಬೇಡ ಅನ್ನು, ಯಾಕೆ ಅಂತ ಹೇಳಿಕೊಡು. ಬರೀ ಕಹಿಯಾದರೆ ನುಂಗು."

ಆ ಬೇಸಿಗೆ ಕೆಂಚ ನುಂಗಿದ್ದೇ ನುಂಗಿದ್ದು. ಹುಳುಕು ಬೋರೆ ತಿಂದ, ಬಲಿಯದ ಗೆಡ್ಡೆ ತಿಂದ, ಒಮ್ಮೆ ಹಳಸಿದ ಏಡಿ ತಿಂದು ಇಡೀ ದಿನ ದೊಡ್ಡಕೆರೆಯ ದಂಡೆಯಲ್ಲಿ ಹೊಟ್ಟೆ ಹಿಡಿದು ಉರುಳಾಡಿದ.

"ಊಟ ಹೇಗಿತ್ತು ಕೆಂಚಣ್ಣ?" ಎಂದಳು ಮುಳ್ಳುಹಂದಿಯಮ್ಮ.

"ಮಗಳು ಬಡಿಸಿದ್ದು," ಎಂದ ಕೆಂಚ. ಮತ್ತೆ ಉರುಳಿದ.

ಮೊಗ್ಗಿ ಅವನ ಮುಖ ನೋಡಿ ಕಲಿತಳು. ಅಪ್ಪ ಕಣ್ಣು ಕಿರಿದು ಮಾಡಿದರೆ ಆ ಹಣ್ಣನ್ನು ಮತ್ತೊಮ್ಮೆ ಮೂಸುತ್ತಿದ್ದಳು. ಹುಳುಕಿನ ವಾಸನೆ ಹೀಗೆ, ಬಲಿಯದ್ದರ ವಾಸನೆ ಹೀಗೆ ಎಂದು ಮೂಗಿನಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮಳೆ ಹತ್ತಿರವಾದಂತೆ ಅಪ್ಪನ ಕಣ್ಣು ಕಿರಿದಾಗುವುದು ಕಡಿಮೆಯಾಯಿತು. ಅವನ ಪಕ್ಕೆಲುಬಿನ ಮೇಲೆ ಸ್ವಲ್ಪ ಮಾಂಸವೂ ಬಂತು.

ಮಳೆ ಬಿತ್ತು. ಎಲ್ಲರೂ ಹಳೆಯ ಕಾಡಿಗೆ ಮರಳಿದರು. ಒಂದು ಬೆಳಿಗ್ಗೆ ಹುತ್ತದ ಬಳಿ ಬೆಳ್ಳನೆಯ ಅಣಬೆ ಎದ್ದಿತ್ತು. ಕೆಂಚನಿಗೆ ಅಣಬೆ ಎಂದರೆ ಪ್ರಾಣ. ಶಿಕ್ಷೆ ಮರೆತು ಬಾಯಿ ಹಾಕಲು ಹೋದ. ಅಷ್ಟರಲ್ಲಿ ಮೊಗ್ಗಿ ಅವನ ಮೂತಿಯ ಮುಂದೆ ಪಂಜ ಚಾಚಿದಳು.

"ಅಪ್ಪಾ, ನಿಲ್ಲು. ಇದು ಬೇಡ."

"ಒಳ್ಳೇದೇ ಇದೆಯಲ್ಲೇ. ನಾನು ಮೂಸಿದೆ."

"ಬುಡದಲ್ಲಿ ಮೂಸು."

ಕೆಂಚ ಬುಡದಲ್ಲಿ ಮೂಸಿದ. ಮೊದಲು ಏನೂ ಇರಲಿಲ್ಲ. ಉಸಿರು ಬಿಟ್ಟು ಮತ್ತೆ ಎಳೆದಾಗ, ಎಲ್ಲೋ ತಳದಲ್ಲಿ ಎಳೆಯಷ್ಟು ನಂಜಿನ ವಾಸನೆ ಸಿಕ್ಕಿತು. ಆಸೆಗೆ ಬಿದ್ದ ಅವನ ಮೂಗು ಅದನ್ನು ಬಿಟ್ಟಿತ್ತು. ಮಗಳ ಮೂಗು ಬಿಟ್ಟಿರಲಿಲ್ಲ.

ಅವನು ಮಗಳನ್ನು ನೋಡಿದ. ಹಣೆಯಲ್ಲಿ ಮೂರು ಹಳೆಯ ಬೊಟ್ಟು, ಪಕ್ಕದಲ್ಲಿ ಖಾಲಿ ಜಾಗ. ಅವನ ಕಣ್ಣು ತುಂಬಿತು.

"ಅಕ್ಕೋರ ಹತ್ರ ಹೋಗೋಣವಾ ಅಪ್ಪಾ?" ಎಂದಳು ಮೊಗ್ಗಿ. "ಈ ಸಲ ಪೊಟ್ಟಣ ಕೋತಿ ಕಟ್ಟಲಿ."

"ಹೋಗೋಣ. ಅದಕ್ಕೆ ಮೊದಲು ಊಟ ಮಾಡೋಣ," ಎಂದ ಕೆಂಚ. ಬಾಲ ಸುತ್ತಿ ಅವಳ ಮುಂದೆ ಮರಿಯಂತೆ ಕುಳಿತ. "ನೀನು ಏನು ಕೊಡ್ತೀಯೋ ಅದು."

ನೀತಿ: ಮಕ್ಕಳಿಗೆ ಬಾರದ ಪಾಠಕ್ಕೆ ಬೊಟ್ಟು ಕೊಡಿಸಬೇಡಿ, ಅದನ್ನು ಕಲಿಯಲು ಸಮಯ ಕೊಟ್ಟು, ಪಕ್ಕದಲ್ಲಿ ಕುಳಿತುಕೊಳ್ಳಿ.