ರೆಕ್ಕೆ ಮೂಡಿದ ಮಡಕೆ

“ಗುರುಗಳೇ, ತಿಳಿಯದೆ ಮಾಡಿದ ತಪ್ಪು ಪಾಪವಾಗುತ್ತದೆಯೇ?” ಎಂದು ಶಿಷ್ಯನೊಬ್ಬ ಕೇಳಿದ. ‘ಇಲ್ಲ’ ಎಂದು ಹೇಳಿಸಿಕೊಳ್ಳುವ ಆತುರ ಅವನ ದನಿಯಲ್ಲಿತ್ತು. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಚಿತ್ರ ಬಿಡಿಸಲು ಅವನು ಎಂದೂ ಬಣ್ಣ ಮುಟ್ಟಿದವನಲ್ಲ. ಹಸಿ ಮಡಕೆಗೆ ಎಲೆ ಒತ್ತಿ ಆವಿಗೆಯಲ್ಲಿಟ್ಟು ಸುಡುತ್ತಿದ್ದ. ಎಲೆ ಉರಿದುಹೋಗುತ್ತಿತ್ತು, ಅದರ ನರನರವೂ ಹೊಗೆಯ ಕಪ್ಪಿನಲ್ಲಿ ಮಡಕೆಯ ಮೇಲೆ ಉಳಿಯುತ್ತಿತ್ತು. ಜನ ಹೊಗಳಿದರೆ, “ನಾನು ಜೋಡಿಸುವವನು ಅಷ್ಟೇ. ಬರೆಯುವುದು ಬೆಂಕಿ” ಎನ್ನುತ್ತಿದ್ದ.

ಮಡಕೆ ಒಟ್ಟಿ, ಕೆಲವು ದಿನ ಬಿಸಿಲಿಗೆ ಬಿಟ್ಟು, ಸಂದಿಗೊಂದಿಯನ್ನೆಲ್ಲ ಇಣುಕಿ ನೋಡಿ, ಆಮೇಲೆ ಹುಲ್ಲು ಹೊದಿಸಿ ಮಣ್ಣು ಮೆತ್ತಿ ಬೆಂಕಿ ಇಡುವುದು ಅವನ ರೂಢಿ. ಒಮ್ಮೆ ಮೋಡ ಕವಿಯಿತು. ಮಳೆ ಬಂದರೆ ಹಸಿ ಮಡಕೆಗಳೆಲ್ಲ ಕರಗಿಹೋದಾವು ಎಂಬ ಗಡಿಬಿಡಿಯಲ್ಲಿ ನೋಡದೆಯೇ ಬೆಂಕಿ ಇಟ್ಟ.

ಆ ಸಲ ಒಂದು ಮಡಕೆಯ ಮೇಲೆ ಬಿಚ್ಚಿದ ರೆಕ್ಕೆ ಮೂಡಿತ್ತು. ಗರಿಯ ಎಳೆ ಎಳೆಯೂ ಕಾಣುತ್ತಿತ್ತು. ಊರಿಗೆ ಊರೇ ಬಂದು ನೋಡಿತು. ಇಂಥದ್ದನ್ನು ಯಾವ ಕೈಯೂ ಬರೆಯಲಾರದು ಎಂದಿತು. ಕುಂಬಾರ ಉಬ್ಬಿಹೋದ. ಉಬ್ಬದೆ ಇರಲು ಅವನೇನು ಸನ್ಯಾಸಿಯೇ? ವರ್ತಕನೊಬ್ಬ ಆ ಮಡಕೆಯನ್ನು ಕೊಂಡು, “ಇದಕ್ಕೊಂದು ಜೋಡಿ ಮಾಡಿಕೊಡು. ಎರಡನ್ನೂ ಅರಮನೆಗೆ ಒಪ್ಪಿಸಿ ನಿನ್ನ ಹೆಸರು ಹೇಳುತ್ತೇನೆ” ಎಂದ.

ಹೊಸ ಆವಿಗೆಗೆ ಜಾಗ ಮಾಡಲು ಕುಂಬಾರ ಹಳೆಯ ಬೂದಿ ಕೆದಕಿದ. ಬೂದಿಯಲ್ಲಿ ಪುಟ್ಟ ಮೂಳೆಗಳು ಸಿಕ್ಕವು. ಅವುಗಳ ಕೆಳಗೆ ಸುಟ್ಟ ಮೊಟ್ಟೆಯ ಚಿಪ್ಪುಗಳಿದ್ದವು. ಆಗ ಅವನಿಗೆ ಎಲ್ಲ ತಿಳಿಯಿತು. ಮಡಕೆಗಳ ಸಂದಿಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಬೆಂಕಿ ಹತ್ತಿದಾಗಲೂ ಮೊಟ್ಟೆ ಬಿಟ್ಟು ಏಳದೆ, ಬಿಚ್ಚಿದ ರೆಕ್ಕೆಯಿಂದ ಅವನ್ನು ಮುಚ್ಚಿಕೊಂಡಿತ್ತು. ಊರು ಹೊಗಳಿದ್ದು ಆ ರೆಕ್ಕೆಯನ್ನು! ಕುಂಬಾರ ಬೂದಿಯಲ್ಲೇ ಕುಸಿದು ಕೂತು ಅತ್ತ.

ಮತ್ತೆ ಬಂದ ವರ್ತಕನಿಗೆ, “ಜೋಡಿ ಆಗದು ಸಾಹುಕಾರರೇ. ಅದು ಒಂದು ಜೀವ ಬೆಂದ ಗುರುತು” ಎಂದು ಎಲ್ಲವನ್ನೂ ಹೇಳಿದ.

ವರ್ತಕ ಬೆಚ್ಚಿಬಿದ್ದ. ಸುಧಾರಿಸಿಕೊಂಡು ಮೆಲ್ಲಗೆ, “ಹಕ್ಕಿ ಹಿಡಿದು ಹಾಕು ಎಂದು ನಾನು ಹೇಳಿದೆನೇ? ಹೋದ ಸಲ ಹೇಗೆ ಮಾಡಿದೆಯೋ ಹಾಗೇ ಮಾಡು, ಸಾಕು” ಎಂದ.

ಆ ಮಾತಿನ ಒಳ ಅರ್ಥ ಕುಂಬಾರನಿಗೆ ಹೊಳೆಯಿತು. ‘ಆಗದು’ ಎಂದು ಮಾತ್ರ ಮತ್ತೆ ಹೇಳಲಿಲ್ಲ.

ಅವನು ಮಡಕೆ ಒಟ್ಟಿದ. ಬಿಸಿಲಿಗೆ ಬಿಟ್ಟ. ಬೆಂಕಿ ಇಡುವ ದಿನ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. “ಸಂದಿಯಲ್ಲೆಲ್ಲ ನೋಡಿದಿರಾ?” ಎಂದು ಹೆಂಡತಿ ಕೇಳಿದಳು. ಅವನು ಅವಳ ಕಡೆಗೂ ನೋಡದೆ ಕೊಳ್ಳಿ ಇಟ್ಟುಬಿಟ್ಟ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ, “ಆ ಸಲವೂ ಒಳಗೆ ಹಕ್ಕಿ ಇತ್ತೇ, ಗುರುಗಳೇ?” ಎಂದ.

ಗುರುಗಳು ಹೇಳಿದರು: “ಅದು ತನಗೆ ತಿಳಿಯದ ಹಾಗೆ ಅವನು ನೋಡಿಕೊಂಡ.”